ಕಿವಿಯ ಮುಂದಿನ ನಾಡಿಯನ್ನೂ ಮುಟ್ಟಿ ನೋಡಿ

ಹಿಂದೂಪುರ, ಕಲ್ಯಾಣದುರ್ಗದ ಕಡೆ ಮನೆಯ ಹಿರಿಯರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವವರು ಈಗ ನೀವು, ಇಪ್ಪತ್ತು ಮೂವತ್ತರ ಪ್ರಾಯದವರು. ಚೀಟಿ ಮಾಡಿಸುವವರು ನೀವೇ, ಡಾಕ್ಟರ ಎದುರು ಮಾತಾಡುವವರು ನೀವೇ, ಸ್ಕ್ಯಾನಿಂಗ್ ಸೆಂಟರಿನ ಹೊರಗೆ ಬೆಂಚಿನ ಮೇಲೆ ಕಾದು ಕೂರುವವರೂ ನೀವೇ. ಅದಕ್ಕೇ ಈ ಮಾತು ನಿಮಗೆ. ಈ ಸೀಮೆಯ ಜನರ ಕಿವಿ, ಮೂಗು, ಗಂಟಲು ನೋಡುತ್ತಲೇ ತಲೆ ನೆರೆತವನು ನಾನು. "ಅಮ್ಮನಿಗೆ ಕಿವಿ ಕೇಳಿಸ್ತಿಲ್ಲ, ಒಂದು ಎಂಆರ್‌ಐ ಬರೆದುಕೊಡಿ ಸಾರ್" ಎಂದು ನೇರವಾಗಿ ಕೇಳುವವರು ಈಚೆಗೆ ಹೆಚ್ಚಾಗಿದ್ದಾರೆ. ಕೇಳುವುದರಲ್ಲಿ ತಪ್ಪೇನಿಲ್ಲ. ಆದರೆ ಏನನ್ನು ಹುಡುಕಬೇಕೆಂದು ನಾವು ಬರೆದು ಕಳಿಸುತ್ತೇವೋ ಅದಕ್ಕೆ ತಕ್ಕಂತೆ ಆ ಯಂತ್ರವನ್ನು ನಡೆಸುತ್ತಾರೆ. ಏನು ಬರೆಯಬೇಕೆಂಬುದು ಡಾಕ್ಟರಿಗೆ ಹೊಳೆಯುವುದು ನೀವು ಹೇಳುವ ಕಥೆಯಿಂದ. ಕಿವಿಯ ಕಾಯಿಲೆ ಎಂದು ಕಿವಿಯದನ್ನಷ್ಟೇ ಹೇಳಿ ಬಂದರೆ, ರಕ್ತನಾಳದ ಉರಿಯೂತದಂಥ ಕಾಯಿಲೆ ಎದುರಿಗೇ ಕೂತಿದ್ದರೂ ಗುರುತು ಸಿಗುವುದಿಲ್ಲ.

ಮೊದಲು ಧೈರ್ಯದ ಮಾತು ಹೇಳಿಬಿಡುತ್ತೇನೆ. ನಮ್ಮ ಊರುಗಳಲ್ಲಿ ಕಿವಿ ಮಂದವಾಗುವುದಕ್ಕೆ ಬಹುಪಾಲು ಕಾರಣ ಗುಗ್ಗೆ, ಸೋರುವ ಕಿವಿ, ತೂತಾದ ಕಿವಿತಮಟೆ, ವಯಸ್ಸು, ಕಾರ್ಖಾನೆಯ ಸದ್ದು. ಇವಕ್ಕೆ ಓಟೋಸ್ಕೋಪಿನಲ್ಲಿ ಕಿವಿಯೊಳಗೆ ನೋಡಿ ಆಡಿಯೋಗ್ರಾಂ ಮಾಡಿಸಿದರೆ ಸಾಮಾನ್ಯವಾಗಿ ದಾರಿ ತಿಳಿಯುತ್ತದೆ. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಡುವುದನ್ನು ಮಾತ್ರ ಮನೆಯಲ್ಲಿ ನಿಲ್ಲಿಸಿ. ತಮಟೆ ತೂತಾಗಿದ್ದರೆ ಆ ಎಣ್ಣೆ ನೇರವಾಗಿ ನಡುಗಿವಿಗೆ ಇಳಿಯುತ್ತದೆ. ಇಂಥ ಕಿವಿಗೆಲ್ಲ ಸಾವಿರಾರು ರೂಪಾಯಿ ಕೊಟ್ಟು ಎಂಆರ್‌ಐ ಮಾಡಿಸಬೇಕಾಗಿಲ್ಲ.

ನಾನು ಹೇಳಹೊರಟಿರುವುದು ಅಪರೂಪದ ಕಾಯಿಲೆಗಳ ಒಂದು ಗುಂಪಿನ ಬಗ್ಗೆ. ಡಾಕ್ಟರುಗಳು ವ್ಯಾಸ್ಕುಲೈಟಿಸ್ ಎನ್ನುತ್ತಾರೆ. ಮೈಯನ್ನು ಕಾಯಬೇಕಾದ ರಕ್ಷಣಾ ವ್ಯವಸ್ಥೆಯೇ ರಕ್ತನಾಳದ ಗೋಡೆಯ ಮೇಲೆ ತಿರುಗಿ ಬೀಳುತ್ತದೆ. ಗೋಡೆ ಊದುತ್ತದೆ, ಒಳಗಿನ ದಾರಿ ಕಿರಿದಾಗುತ್ತದೆ, ಮುಂದಿನ ಭಾಗಕ್ಕೆ ರಕ್ತ ಸಾಲದೆ ಹೋಗುತ್ತದೆ. ಒಳಗಿವಿಗೆ ಇದು ಬಹಳ ಕಷ್ಟ. ಕೇಳುವ ಶಂಖಕ್ಕೂ ಸಮತೋಲನ ಕಾಯುವ ಅಂಗಕ್ಕೂ ರಕ್ತ ತರುವುದು ಲ್ಯಾಬಿರಿಂಥೈನ್ ಅಪಧಮನಿ ಎಂಬ ಒಂದೇ ಒಂದು ಎಳೆ. ಮೆದುಳಿನ ಕೆಳಭಾಗದ ಇನ್ನೊಂದು ನಾಳದ ಕವಲು ಅದು. ಕೆರೆ ಕೆಳಗಿನ ಗದ್ದೆಬಯಲಿನ ಕೊನೆಯ ಮಡಿಗೆ ಒಂದೇ ಕಾಲುವೆ ಇರುವ ಹಾಗೆ, ಮೇಲೆ ನೀರು ನಿಂತಿತೆಂದರೆ ಬೇರೆ ದಾರಿಯಿಂದ ಬರುವುದಿಲ್ಲ.

ಇಲ್ಲೇ ಬಹಳ ಜನ ತಪ್ಪು ತಿಳಿಯುತ್ತಾರೆ. ಎಂಆರ್‌ಐ ಎಂದರೆ ಆ ಎಳೆಯನ್ನೇ ತೋರಿಸಿ ಉರಿಯೂತ ಇದೆ, ಇಲ್ಲ ಎಂದು ಹೇಳಿಬಿಡುತ್ತದೆ ಅಂದುಕೊಳ್ಳುತ್ತಾರೆ. ಆ ನಾಳ ಒಂದು ಮಿಲಿಮೀಟರಿಗಿಂತ ಸಣ್ಣದು. ಅದರ ಗೋಡೆಯ ಊತವನ್ನು ಬಿಡಿಸಿ ತೋರಿಸುವಷ್ಟು ಕಣ್ಣು ಆಸ್ಪತ್ರೆಯ ಯಂತ್ರಕ್ಕಿಲ್ಲ. ಎಂಆರ್‌ಐ ತೋರಿಸುವುದು ಬೇರೆಯದನ್ನು. ಒಳಗಿವಿಯಲ್ಲಿ ರಕ್ತ ಸೋರಿದೆಯೇ, ಶಂಖದ ಭಾಗ ಕಾಂಟ್ರಾಸ್ಟ್ ಔಷಧವನ್ನು ಹೀರಿ ಬೆಳ್ಳಗೆ ಕಾಣುತ್ತಿದೆಯೇ, ಕೇಳುವ ನರದ ಮೇಲೆ ಗೆಡ್ಡೆ ಕೂತಿದೆಯೇ, ಮೆದುಳಿನ ಹೊದಿಕೆ ದಪ್ಪಗಾಗಿದೆಯೇ, ಕಿವಿಯ ಹಿಂದಿನ ಕಿರುಮೆದುಳಿನಲ್ಲಿ ಸ್ಟ್ರೋಕ್ ಆಗಿದೆಯೇ, ಇವು. ಇನ್ನೊಂದೂ ಇದೆ: ತಲೆಬುರುಡೆಯ ಹೊರಗೆ, ಚರ್ಮದ ಕೆಳಗೇ ಹರಿಯುವ ನಾಳಗಳ ಗೋಡೆ.

ಆ ಹೊರಗಿನ ನಾಳವನ್ನು ನಿಮ್ಮ ಬೆರಳೇ ಮುಟ್ಟಬಲ್ಲದು. ಕಿವಿಯ ತೂತಿನ ಮುಂದೆ ಪುಟ್ಟ ಮೆದುಮೂಳೆಯೊಂದು ಎದ್ದಿರುತ್ತದಲ್ಲ, ಅದರ ಸ್ವಲ್ಪ ಮುಂದೆ, ಮೆತ್ತಗೆ ಎರಡು ಬೆರಳಿಡಿ. ನಾಡಿ ಮಿಡಿಯುತ್ತದೆ. ಅಲ್ಲಿಂದ ಅದು ಕಣತಲೆಯ ಕಡೆ ಹತ್ತಿ, ಕವಲೊಡೆದು, ನೆತ್ತಿಯವರೆಗೂ ಹರಡುತ್ತದೆ. ವಯಸ್ಸಾದ ಕೆಲವರಲ್ಲಿ ಈ ನಾಳ ಕಣತಲೆಯ ಮೇಲೆ ಹಾವಿನಂತೆ ಸೊಟ್ಟಸೊಟ್ಟಗೆ ಕಾಣುತ್ತದೆ. ಅದು ಬರೀ ವಯಸ್ಸಿನ ಲಕ್ಷಣ ಇದ್ದೀತು, ಹೆದರಬೇಡಿ. ಆದರೆ ಅದು ಹಗ್ಗದ ಹಾಗೆ ಗಟ್ಟಿಯಾಗಿ, ಮುಟ್ಟಿದರೆ ನೋಯುತ್ತ, ಮಿಡಿತ ಕುಗ್ಗಿದ್ದರೆ ತಡಮಾಡಬಾರದು.

ಕಲ್ಯಾಣದುರ್ಗದ ಕಡೆಯ, ಎಪ್ಪತ್ತು ದಾಟಿದ ಒಬ್ಬ ಅಜ್ಜಿ ಎಂದಿಟ್ಟುಕೊಳ್ಳಿ. ಎಡಗಿವಿ ನೋವು. ಮೆಡಿಕಲ್ ಶಾಪಿನ ಡ್ರಾಪ್ಸ್ ಆಯಿತು, ಕಿವಿಯೊಳಗೆ ಏನೂ ಇಲ್ಲವೆಂದು ಹೇಳಿಸಿಕೊಂಡದ್ದಾಯಿತು, ಹಲ್ಲಿನ ಡಾಕ್ಟರ ಹತ್ತಿರ ಹೋಗಿ ಒಂದು ದವಡೆ ಹಲ್ಲು ಕೀಳಿಸಿದ್ದೂ ಆಯಿತು. ಕಿವಿ ಗುಂಯ್ ಎನ್ನುತ್ತದೆ, ಎದ್ದರೆ ತೂರಾಡುತ್ತಾಳೆ, ಕೇಳುವುದೂ ಕಡಿಮೆಯಾಗಿದೆ. ಅವಳು ಬಾಯಿಬಿಟ್ಟು ಹೇಳದೆ ಇರುವುದು ಇಷ್ಟು: ತಲೆ ಬಾಚಿದರೆ ಬುಡವೆಲ್ಲ ನೋವು, ಅದಕ್ಕೇ ಬಾಚಣಿಗೆ ಮುಟ್ಟುತ್ತಿಲ್ಲ. ಎಲೆಅಡಿಕೆ ಜಗಿಯಲು ಕೂತರೆ ನಾಲ್ಕು ಸಲ ಅಗಿಯುವಷ್ಟರಲ್ಲಿ ದವಡೆ ಸೋತು ನೋಯುತ್ತದೆ, ಸುಮ್ಮನಿದ್ದರೆ ಬಿಡುತ್ತದೆ, ಮತ್ತೆ ಜಗಿದರೆ ಮತ್ತೆ ನೋವು. ಬೆಳಿಗ್ಗೆ ಭುಜ ಎತ್ತಲಾಗುವುದಿಲ್ಲ. ನಡುವೆ ಒಂದು ದಿನ ಒಂದು ಕಣ್ಣಿಗೆ ಪರದೆ ಇಳಿದಂತಾಗಿ ಕೆಲವು ನಿಮಿಷದಲ್ಲಿ ಸರಿಹೋಯಿತು. ಪೊರೆ ಬರುತ್ತಿದೆ ಎಂದು ಮನೆಯವರು ಸುಮ್ಮನಾದರು. ಕಿವಿ ಡಾಕ್ಟರು ಕಿವಿ ಕೇಳಿದರು, ಹಲ್ಲಿನವರು ಹಲ್ಲು ಕೇಳಿದರು. ಬಾಚಣಿಗೆ, ಎಲೆಅಡಿಕೆ, ಭುಜ, ಕಣ್ಣು ಯಾರ ಮೇಜಿನ ಮೇಲೂ ಒಟ್ಟಿಗೆ ಬರಲಿಲ್ಲ. ಒಟ್ಟಿಗೆ ಇಟ್ಟು ನೋಡಿದ್ದರೆ ಅದಕ್ಕೊಂದು ಹೆಸರಿತ್ತು: ಜೈಂಟ್ ಸೆಲ್ ಆರ್ಟರೈಟಿಸ್.

1890ರಲ್ಲಿ ಇಂಗ್ಲೆಂಡಿನ ಜೊನಾಥನ್ ಹಚಿನ್‌ಸನ್ ಎಂಬ ವೈದ್ಯ, ಕಣತಲೆಯ ನೋವಿಗೆ ಟೋಪಿ ಹಾಕಿಕೊಳ್ಳಲಾಗದ ಮುದುಕನೊಬ್ಬನ ವಿಷಯ ಬರೆದಿದ್ದ. 1932ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ಬೇಯರ್ಡ್ ಹಾರ್ಟನ್ ಇದನ್ನು ಪ್ರತ್ಯೇಕ ಕಾಯಿಲೆಯಾಗಿ ಗುರುತಿಸಿದ. ಐವತ್ತು ದಾಟಿದವರಿಗೇ ಬರುತ್ತದೆ, ಎಪ್ಪತ್ತರ ಆಸುಪಾಸಿನಲ್ಲಿ ಹೆಚ್ಚು, ಗಂಡಸರಿಗಿಂತ ಹೆಂಗಸರಿಗೆ ಹೆಚ್ಚು. ಉತ್ತರ ಯೂರೋಪಿನಲ್ಲಿ ಕಾಣುವಷ್ಟು ನಮ್ಮಲ್ಲಿ ಕಾಣುವುದಿಲ್ಲ. ಅಪರೂಪವಾದ್ದರಿಂದಲೇ ಮರೆತು ಹೋಗುತ್ತದೆ, ಮರೆತರೆ ಕಣ್ಣು ಹೋಗುತ್ತದೆ. ಒಮ್ಮೆ ಹೋದ ದೃಷ್ಟಿ ಬಹುತೇಕ ಮರಳುವುದಿಲ್ಲ, ಚಿಕಿತ್ಸೆ ಇಲ್ಲದಿದ್ದರೆ ಇನ್ನೊಂದು ಕಣ್ಣೂ ಕೆಲವೇ ದಿನಗಳಲ್ಲಿ ಹೋಗಬಹುದು. ಕಿವಿಯ ಸಂಗತಿಗೆ ಬಂದರೆ, ಈ ರೋಗಿಗಳಲ್ಲಿ ತೂರಾಟವೂ ಕಿವಿಮಂದವೂ ನಾವು ಎಣಿಸಿದ್ದಕ್ಕಿಂತ ಹೆಚ್ಚು ಎಂದು ಸ್ಪೇನಿನ ವೈದ್ಯರು 2003ರಲ್ಲಿ ಪರೀಕ್ಷೆ ಮಾಡಿ ತೋರಿಸಿದರು. ಈ ಕಾಯಿಲೆಗೆ ಕೊಡುವ ಸ್ಟಿರಾಯ್ಡ್ ಔಷಧ ಶುರುವಾದ ಮೇಲೆ ಅನೇಕರಲ್ಲಿ ಅದು ಸುಧಾರಿಸಿದ್ದನ್ನೂ ಕಂಡರು. ಮುದುಕರ ಕಿವಿ ಎಂದು ಕೈಬಿಡದಿರಲು ಇಷ್ಟು ಸಾಕಲ್ಲವೇ?

ಈಗ ಸ್ಕ್ಯಾನಿನ ಮಾತು. 2000ದ ದಶಕದಲ್ಲಿ ಜರ್ಮನಿಯ ಫ್ರೈಬರ್ಗ್‌ನ ವೈದ್ಯರು ಕಿವಿಯ ಮುಂದಿನ ಈ ನಾಳದ ಗೋಡೆಯನ್ನು ಎಂಆರ್‌ಐನಲ್ಲಿ ನೋಡುವ ಕ್ರಮವನ್ನು ಬೆಳೆಸಿದರು. ಕೈಯ ರಕ್ತನಾಳಕ್ಕೆ ಗ್ಯಾಡೋಲಿನಿಯಂ ಎಂಬ ಕಾಂಟ್ರಾಸ್ಟ್ ಕೊಟ್ಟು, ಸುತ್ತಲಿನ ಕೊಬ್ಬಿನ ಹೊಳಪನ್ನು ಅಡಗಿಸಿ, ಮಿಲಿಮೀಟರಿನ ಕಾಲುಭಾಗದಷ್ಟು ಸೂಕ್ಷ್ಮವಾಗಿ ಚಿತ್ರ ತೆಗೆಯುತ್ತಾರೆ. ಆರೋಗ್ಯವಾಗಿರುವ ನಾಳ ತೆಳ್ಳಗೆ, ಕಂಡೂ ಕಾಣದಂತೆ ಇರುತ್ತದೆ. ಉರಿಯೂತವಿದ್ದರೆ ಗೋಡೆ ದಪ್ಪಗಾಗಿ, ಕಪ್ಪು ಚುಕ್ಕೆಯ ಸುತ್ತ ಬೆಳ್ಳನೆ ಉಂಗುರ ಮೂಡುತ್ತದೆ. ಇದಕ್ಕೆ 3 ಟೆಸ್ಲಾ ಯಂತ್ರ ಇದ್ದರೆ ಒಳ್ಳೆಯದು; 1.5 ಟೆಸ್ಲಾದಲ್ಲಿ ಅಷ್ಟು ಸ್ಪಷ್ಟತೆ ಬರುವುದಿಲ್ಲ. ಮುಖ್ಯವಾದ್ದು ಏನೆಂದರೆ, ಕಾಂಟ್ರಾಸ್ಟ್ ಇಲ್ಲದ ಸಾದಾ "ಎಂಆರ್‌ಐ ಬ್ರೈನ್" ಮಾಡಿಸಿದರೆ ಈ ಉಂಗುರ ಕಾಣುವುದೇ ಇಲ್ಲ. ರಿಪೋರ್ಟಿನಲ್ಲಿ "ನಾರ್ಮಲ್" ಎಂದು ಬರುತ್ತದೆ, ನೀವು ನಿರಾಳವಾಗಿ ಹಿಂದೂಪುರದ ರೈಲು ಹತ್ತುತ್ತೀರಿ, ಕಾಯಿಲೆ ನಿಮ್ಮ ಜೊತೆಗೇ ಊರಿಗೆ ಬರುತ್ತದೆ.

ಆದ್ದರಿಂದ ಚೀಟಿಯನ್ನು ಕೈಗೆ ತಗೊಂಡ ಮೇಲೆ ಅಲ್ಲೇ ನಿಂತು ಓದಿ. ಏನನ್ನು ಅನುಮಾನಿಸಿ ಕಳಿಸುತ್ತಿದ್ದಾರೆ ಎಂಬುದು ಅದರಲ್ಲಿ ಇರಬೇಕು. ರಕ್ತನಾಳದ ಉರಿಯೂತದ ಅನುಮಾನ, ಕಾಂಟ್ರಾಸ್ಟ್ ಸಮೇತ, ನಾಳದ ಗೋಡೆಯ ಚಿತ್ರ, ಒಳಗಿವಿ ಮತ್ತು ಕೇಳುವ ನರದ ಭಾಗದ ಸೂಕ್ಷ್ಮ ಚಿತ್ರ, ರೋಗಿಗೆ ಯಾವ ಕಡೆ ತೊಂದರೆ, ಎಷ್ಟು ದಿನದಿಂದ. ಇಲ್ಲದಿದ್ದರೆ "ಸಾರ್, ಏನು ನೋಡಬೇಕೆಂದು ಸ್ವಲ್ಪ ಬರೆಯುತ್ತೀರಾ" ಎಂದು ವಿನಯವಾಗಿ ಕೇಳಿ. ಒಳ್ಳೆಯ ಡಾಕ್ಟರಿಗೆ ಇದರಿಂದ ಬೇಸರವಾಗುವುದಿಲ್ಲ, ರೇಡಿಯಾಲಜಿಸ್ಟರಿಗಂತೂ ಉಪಕಾರವೇ ಆಗುತ್ತದೆ. ಒಳಗಿವಿಯನ್ನು ನೋಡಲು ಇನ್ನೊಂದು ವಿಧಾನವೂ ಇದೆ, ಜಪಾನಿನ ನಗೋಯಾದವರು ಬೆಳೆಸಿದ್ದು. ಕಾಂಟ್ರಾಸ್ಟ್ ಕೊಟ್ಟು ಸುಮಾರು 4 ಗಂಟೆ ಕಾದು, ಔಷಧ ಒಳಗಿವಿಯ ದ್ರವಕ್ಕೆ ಇಳಿದ ಮೇಲೆ ಚಿತ್ರ ತೆಗೆಯುವುದು. ಎಲ್ಲರಿಗೂ ಬೇಕಾಗಿಲ್ಲ, ಎಲ್ಲ ಕಡೆ ಮಾಡುವುದೂ ಇಲ್ಲ. ನಿಮ್ಮವರಿಗೆ ಬರೆದಿದ್ದರೆ ಬುತ್ತಿ ಕಟ್ಟಿಕೊಂಡು, ಸಂಜೆಯ ರೈಲಿಗೆ ಬರುವ ಲೆಕ್ಕದಲ್ಲಿ ಹೋಗಿ.

ಇನ್ನು ಒಂದು ವಿಷಯವನ್ನು ಒತ್ತಿ ಹೇಳಬೇಕು. ಮೈಕೈ ನೋವು, ತಲೆನೋವು ಎಂದರೆ ಸಾಕು, ನಮ್ಮ ಹಳ್ಳಿಗಳಲ್ಲಿ ಒಂದು ಇಂಜೆಕ್ಷನ್ ಚುಚ್ಚುತ್ತಾರೆ. ಎಷ್ಟೋ ಸಲ ಅದರಲ್ಲಿ ಡೆಕ್ಸಾಮೆಥಸೋನ್ ಇರುತ್ತದೆ, ಅಂದರೆ ಸ್ಟಿರಾಯ್ಡ್. ಅಜ್ಜಿಗೆ ಎರಡು ದಿನ ಬಹಳ ಹಾಯೆನಿಸುತ್ತದೆ. ಅದೇ ಸ್ಟಿರಾಯ್ಡ್ ನಾಳದ ಗೋಡೆಯ ಊತವನ್ನೂ ಇಳಿಸಲು ತೊಡಗುತ್ತದೆ, ಎಂಆರ್‌ಐನ ಬೆಳ್ಳನೆ ಉಂಗುರ ದಿನದಿಂದ ದಿನಕ್ಕೆ ಮಾಸುತ್ತದೆ. ಚಿಕಿತ್ಸೆ ಸರಿಯಾಗಿ ಸಿಕ್ಕಂತೆಯೂ ಆಗಲಿಲ್ಲ, ಗುರುತು ಮಾತ್ರ ಅಳಿಸಿಹೋಯಿತು. ಏನು ಚುಚ್ಚಿದರು, ಯಾವ ಮಾತ್ರೆ ಕೊಟ್ಟರು, ಯಾವ ತಾರೀಕು ಎಂದು ಕೇಳಿ ಬರೆದಿಡಿ. ಬರೆದುಕೊಡದಿದ್ದರೆ ಖಾಲಿ ಸೀಸೆಯ, ಮಾತ್ರೆಯ ಸ್ಟ್ರಿಪ್ಪಿನ ಫೋಟೋ ಹೊಡೆದುಕೊಳ್ಳಿ. ಅದನ್ನು ಎಂಆರ್‌ಐ ಓದುವವರಿಗೂ ತಿಳಿಸಬೇಕು.

ಹಾಗೆಂದು ಇದನ್ನು ತಿರುವುಮುರುವಾಗಿ ಅರ್ಥ ಮಾಡಿಕೊಳ್ಳಬೇಡಿ. ಕಣ್ಣಿಗೆ ಅಪಾಯವಿದೆ ಎಂದು ಡಾಕ್ಟರಿಗೆ ಅನಿಸಿ ಸ್ಟಿರಾಯ್ಡ್ ಶುರು ಮಾಡಿದರೆ, "ಸ್ಕ್ಯಾನ್ ಆಗಲಿ, ಆಮೇಲೆ ನುಂಗೋಣ" ಎಂದು ಮಾತ್ರೆಯನ್ನು ಪಕ್ಕಕ್ಕಿಡಬೇಡಿ. ಮಾತ್ರೆ ಅಂದೇ ನುಂಗಬೇಕು. ಸ್ಕ್ಯಾನನ್ನು ಮುಂದಿನ ಕೆಲವೇ ದಿನಗಳೊಳಗೆ ಮಾಡಿಸಬೇಕು. ಅಷ್ಟರಲ್ಲಿ ಗುರುತು ಪೂರ್ತಿ ಹೋಗಿರುವುದಿಲ್ಲ. ಗೊತ್ತಿರುವ ಡಾಕ್ಟರು ಗೊತ್ತಿದ್ದು ಕೊಟ್ಟು ತಾರೀಕು ಬರೆದ ಸ್ಟಿರಾಯ್ಡೇ ಬೇರೆ, ಏನೆಂದು ಹೇಳದೆ ಚುಚ್ಚಿ ಕಳಿಸಿದ್ದೇ ಬೇರೆ.

ಎಂಆರ್‌ಐಗಿಂತ ಮುಂಚೆ ಕಲ್ಯಾಣದುರ್ಗದಲ್ಲೇ, ಹಿಂದೂಪುರದಲ್ಲೇ ಆಗುವ ಪರೀಕ್ಷೆಗಳಿವೆ. ರಕ್ತದಲ್ಲಿ ಉರಿಯೂತದ ಸುಳಿವು ಕೊಡುವ ಇಎಸ್‌ಆರ್ ಮತ್ತು ಸಿಆರ್‌ಪಿ, ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್, ರಕ್ತಕಣಗಳ ಎಣಿಕೆ. ಒಂದು ಮೂತ್ರ ಪರೀಕ್ಷೆ. ಎರಡೂ ತೋಳಿನ ಬಿಪಿ. ಇವೆಲ್ಲ ಸೇರಿ ಎಂಆರ್‌ಐನ ಖರ್ಚಿನ ಸಣ್ಣ ಭಾಗವಷ್ಟೇ ಆಗುತ್ತದೆ. ಇಎಸ್‌ಆರ್ ಐವತ್ತು ದಾಟಿ, ಮೇಲೆ ಹೇಳಿದ ಅಜ್ಜಿಯ ಕಥೆಯೂ ಇದ್ದರೆ, ಡಾಕ್ಟರ ಯೋಚನೆಯೇ ಬೇರೆ ದಿಕ್ಕಿಗೆ ತಿರುಗುತ್ತದೆ. ಕಣತಲೆಯ ನಾಳಕ್ಕೆ ಡಾಪ್ಲರ್ ಸ್ಕ್ಯಾನೂ ಇದೆ. 1997ರಲ್ಲಿ ಬರ್ಲಿನ್ನಿನ ವೋಲ್ಫ್‌ಗಾಂಗ್ ಸ್ಮಿಟ್ ಮತ್ತವರ ಸಂಗಡಿಗರು ನಾಳದ ಸುತ್ತ ಕಪ್ಪು ವರ್ತುಲ ಕಾಣುವುದನ್ನು ತೋರಿಸಿಕೊಟ್ಟರು. ಇಂದು ಯೂರೋಪಿನ ಸಂಧಿವಾತ ತಜ್ಞರ ಒಕ್ಕೂಟ ಈ ಕಾಯಿಲೆಗೆ ಮೊದಲು ಡಾಪ್ಲರನ್ನೇ ಹೇಳುತ್ತದೆ, ಎಂಆರ್‌ಐ ಅದರ ಜಾಗದಲ್ಲಿ ನಿಲ್ಲಬಲ್ಲ ಪರ್ಯಾಯ. ಆದರೆ ಡಾಪ್ಲರಿಗೆ ಪಳಗಿದ ಕೈ ಬೇಕು. ಬಸುರಿಯರ ಸ್ಕ್ಯಾನ್ ಚೆನ್ನಾಗಿ ಮಾಡುವವರೆಲ್ಲ ಇದನ್ನು ಮಾಡಲಾರರು. ಎರಡರಲ್ಲೂ ಗೊಂದಲವಾದರೆ ಕಣತಲೆಯ ನಾಳದ ಚೂರೊಂದನ್ನು ಬಯಾಪ್ಸಿಗೆ ತೆಗೆಯುತ್ತಾರೆ. ಜಾಗ ಮರಗಟ್ಟಿಸಿ ಮಾಡುವ ಸಣ್ಣ ಕೆಲಸ ಅದು. ತಲೆಗೆ ಕತ್ತಿ ಹಾಕುತ್ತಾರೆಂದು ಅಜ್ಜಿಯನ್ನು ಎಬ್ಬಿಸಿಕೊಂಡು ಬರಬೇಡಿ.

ವಯಸ್ಸಾದವರ ಕಥೆ ಇದು. ನಡುವಯಸ್ಸಿನವರಲ್ಲಿ ಕಿವಿಗೆ ಬರುವ ಇನ್ನೊಂದು ಬಗೆ ಇದೆ, ನನಗೆ ಹೆಚ್ಚು ಕಳವಳ ಹುಟ್ಟಿಸುವುದು ಅದೇ. ಹೆಸರು ಜಿಪಿಎ, ಪೂರ್ತಿ ಹೇಳಿದರೆ ಗ್ರಾನ್ಯುಲೊಮ್ಯಾಟೋಸಿಸ್ ವಿತ್ ಪಾಲಿಆಂಜೈಟಿಸ್. ತೀರ ಸಣ್ಣ ರಕ್ತನಾಳಗಳನ್ನು ಹಿಡಿಯುವ ಕಾಯಿಲೆ. ಶುರುವಾಗುವುದು ಬಹಳ ಸಾಧಾರಣವಾಗಿ: ಕಿವಿ ಕಟ್ಟಿದಂತೆ, ತಮಟೆಯ ಹಿಂದೆ ನೀರು, ಮೂಗಿನಲ್ಲಿ ರಕ್ತ ಬೆರೆತ ಹಕ್ಕಳೆ, ಆರದ ಸೈನಸ್. ಆಂಟಿಬಯಾಟಿಕ್ ಮೇಲೆ ಆಂಟಿಬಯಾಟಿಕ್ ಆಗುತ್ತದೆ, ತಮಟೆಗೆ ಸಣ್ಣ ಕೊಳವೆ ಹಾಕಿಸಿದರೂ ಒಣಗುವುದಿಲ್ಲ. ಒಂದು ಕಿವಿಯಿಂದ ಎರಡನೆಯದಕ್ಕೂ ಹೋಗುತ್ತದೆ, ಕೆಲವರಿಗೆ ಮುಖದ ಒಂದು ಪಕ್ಕ ಸೊಟ್ಟಗಾಗುತ್ತದೆ. ಎದೆಯ ಎಕ್ಸ್‌ರೇಯಲ್ಲಿ ಗಂಟೋ ಗುಳಿಯೋ ಕಂಡರೆ ನಮ್ಮ ದೇಶದಲ್ಲಿ ಮೊದಲು ನೆನಪಾಗುವುದು ಟಿಬಿ. ನೆನಪಾಗಲೇಬೇಕು, ಟಿಬಿ ನಮ್ಮಲ್ಲಿ ಅಷ್ಟಿದೆ, ಕಿವಿಗೂ ಬರುತ್ತದೆ. ಆದರೆ ಕಫದಲ್ಲಿ ಟಿಬಿ ಸಿಗದೆ, ತಿಂಗಳುಗಟ್ಟಲೆ ಟಿಬಿ ಮಾತ್ರೆ ನುಂಗಿದರೂ ಗುಣವಾಗದೆ ಇದ್ದಾಗ "ಇದು ಬೇರೆ ಏನಾದರೂ ಇರಬಹುದೇ" ಎಂದು ಕೇಳುವ ಹಕ್ಕು ನಿಮಗಿದೆ. ಆಂಕಾ ಎಂಬ ರಕ್ತ ಪರೀಕ್ಷೆ, ಮೂಗಿನ ಒಳಗಿನ ಚೂರಿನ ಬಯಾಪ್ಸಿ ಆಗ ಬೇಕಾಗುತ್ತದೆ. ಈ ಕಾಯಿಲೆಯಲ್ಲಿ ಕಿವಿಯ ಸುತ್ತಲ ಮೂಳೆಗೆ ಸಿಟಿ ಸ್ಕ್ಯಾನ್ ಹೆಚ್ಚು ಹೇಳುತ್ತದೆ. ಎಂಆರ್‌ಐ ಬೇಕಾಗುವುದು ಉರಿಯೂತ ಮೆದುಳಿನ ಹೊದಿಕೆಗೆ ಹಬ್ಬಿದೆಯೇ, ನರಗಳನ್ನು ಹಿಡಿದಿದೆಯೇ ಎಂದು ತಿಳಿಯಲು.

ಇದರಲ್ಲಿ ಕಿಡ್ನಿ ಸದ್ದಿಲ್ಲದೆ ಹಾಳಾಗುತ್ತದೆ. ನೋವಿರುವುದಿಲ್ಲ, ಮೂತ್ರದಲ್ಲಿ ಕಣ್ಣಿಗೆ ಕಾಣದಷ್ಟು ರಕ್ತ ಹೋಗುತ್ತಿರುತ್ತದೆ. ಕಿವಿ ಸೋರುವವನಿಗೆ ಮೂತ್ರ ಪರೀಕ್ಷೆ ಯಾಕೆ ಎಂದು ಲ್ಯಾಬಿನ ಹುಡುಗ ಕೇಳಿದರೂ ಮಾಡಿಸಿ.

ಹರೆಯದ ಹೆಣ್ಣುಮಕ್ಕಳ ವಿಷಯ ಸ್ವಲ್ಪ. ಗಾರ್ಮೆಂಟ್ಸಿಗೆ ಹೋಗುವ ಹುಡುಗಿ ಕಿವಿಯಲ್ಲಿ ಎದೆಬಡಿತದ ತಾಳಕ್ಕೇ ಸದ್ದು ಕೇಳುತ್ತದೆ ಎನ್ನುತ್ತಾಳೆ, ಕುತ್ತಿಗೆಯ ಪಕ್ಕ ನೋವು ಕಿವಿಯವರೆಗೂ ಏರುತ್ತದೆ, ಕೈ ಎತ್ತಿ ಕೆಲಸ ಮಾಡಿದರೆ ತೋಳು ಸೋಲುತ್ತದೆ, ತಲೆ ತಿರುಗುತ್ತದೆ. ರಕ್ತಹೀನತೆ ಎಂದು ಟಾನಿಕ್ಕು ಕೊಟ್ಟು ಕಳಿಸುವ ಮುಂಚೆ ಎರಡೂ ಮಣಿಕಟ್ಟಿನ ನಾಡಿ ಹಿಡಿದು ನೋಡಬೇಕು. ಒಂದು ಕಡೆ ಮಿಡಿತ ಸಿಗದಿದ್ದರೆ, ಬಿಪಿ ಎರಡು ಕೈಗೆ ಬೇರೆ ಬೇರೆ ಬಂದರೆ, ಅದು ಟಕಾಯಾಸು ಆರ್ಟರೈಟಿಸ್ ಇರಬಹುದು. 1908ರಲ್ಲಿ ಜಪಾನಿನ ಕಣ್ಣಿನ ವೈದ್ಯ ಮಿಕಿಟೊ ಟಕಾಯಾಸು ಗುರುತಿಸಿದ ಈ ಕಾಯಿಲೆ ನಮ್ಮ ಏಷ್ಯಾದ ಹೆಣ್ಣುಮಕ್ಕಳಲ್ಲೇ ಹೆಚ್ಚು. ಇದು ಹಿಡಿಯುವುದು ದೊಡ್ಡ ನಾಳಗಳನ್ನು, ಆದ್ದರಿಂದ ಎಂಆರ್‌ಐ ಇಲ್ಲಿ ನಿಜವಾಗಿಯೂ ಮೊದಲ ಆಯ್ಕೆ. ಮಹಾಪಧಮನಿ, ಕುತ್ತಿಗೆಯ ನಾಳಗಳ ಗೋಡೆ ಅದರಲ್ಲಿ ಚೆನ್ನಾಗಿ ಕಾಣುತ್ತದೆ, ಎಕ್ಸ್‌ರೇ ಕಿರಣವೂ ಇಲ್ಲ. ಈ ಕಾಯಿಲೆ ಎಷ್ಟು ಚುರುಕಾಗಿದೆ ಎಂದು ಅಳೆಯಲು ನಮ್ಮ ದೇಶದ ವೈದ್ಯರೇ ರೂಪಿಸಿದ ಐಟಿಎಎಸ್ 2010 ಎಂಬ ಅಳತೆಪಟ್ಟಿ ಹೊರದೇಶಗಳಲ್ಲೂ ಬಳಕೆಯಲ್ಲಿದೆ. ವೆಲ್ಲೂರಿನ ಸಿಎಂಸಿಯವರು ಈ ರೋಗಿಗಳನ್ನು ಬಹಳ ಕಾಲದಿಂದ ನೋಡುತ್ತ ಬಂದಿದ್ದಾರೆ. ಕಾಟ್ಪಾಡಿಗೆ ರೈಲು ಹಿಡಿದು ಹೋಗುವ ಅಭ್ಯಾಸ ನಮ್ಮ ಸೀಮೆಯವರಿಗೆ ಇದ್ದೇ ಇದೆ. ಕಣ್ಣು ಕೆಂಪಾಗಿ ನೋಯುತ್ತ ಜೊತೆಗೇ ಕಿವಿ ಕುಗ್ಗುತ್ತ ಹೋದರೆ ಕೋಗನ್ ಸಿಂಡ್ರೋಮ್ ಎಂಬುದೂ ಒಂದಿದೆ. ಅದಕ್ಕೂ ಕಣ್ಣಿನವರು ಕಿವಿಯವರು ಇಬ್ಬರೂ ಒಂದೇ ಕಡತ ನೋಡಬೇಕು.

ರಾತ್ರಿ ಚೆನ್ನಾಗಿದ್ದ ಕಿವಿ ಬೆಳಿಗ್ಗೆ ಫೋನ್ ಹಿಡಿದರೆ ಕೇಳಿಸುವುದಿಲ್ಲ, ಇಂಥದ್ದಾದರೆ ಮಾತ್ರ ಗುಗ್ಗೆ ಇರಬಹುದೆಂದು ವಾರ ಕಾಯಬೇಡಿ. ಅಂದೋ ಮಾರನೆಯ ದಿನವೋ ಕಿವಿ ಡಾಕ್ಟರನ್ನು ಕಂಡು ಆಡಿಯೋಗ್ರಾಂ ಮಾಡಿಸಿ. ಇಂಥವರಲ್ಲಿ ಹೆಚ್ಚಿನವರಿಗೆ ಕಾರಣ ಸಿಗುವುದೇ ಇಲ್ಲ, ಆದರೂ ಚಿಕಿತ್ಸೆ ಮೊದಲ ಎರಡು ವಾರದೊಳಗೆ ಶುರುವಾದರೆ ಕಿವಿ ಮರಳುವ ಸಂಭವ ಹೆಚ್ಚು. ಅವರಿಗೂ ಎಂಆರ್‌ಐ ಬರೆಯುತ್ತಾರೆ, ಮುಖ್ಯವಾಗಿ ಕೇಳುವ ನರದ ಗೆಡ್ಡೆ ಇಲ್ಲವೆಂದು ಖಚಿತ ಮಾಡಿಕೊಳ್ಳಲು. ಕಿವಿ ಹೋಗುವುದರ ಜೊತೆ ಮಾತು ತೊದಲಿದರೆ, ಮುಖ ಸೊಟ್ಟಗಾದರೆ, ನಿಲ್ಲಲಾಗದಷ್ಟು ತಲೆ ತಿರುಗಿದರೆ ಅದು ಸ್ಟ್ರೋಕ್ ಇದ್ದೀತು. 108ಕ್ಕೆ ಫೋನ್ ಮಾಡಿ.

ಎಂಆರ್‌ಐ ಕೋಣೆಗೆ ಹೋಗುವ ದಿನದ ಬಗ್ಗೆಯೂ ಹೇಳುತ್ತೇನೆ, ಏಕೆಂದರೆ ಅಲ್ಲಿ ಹೆದರಿ ಅರ್ಧಕ್ಕೇ ಎದ್ದು ಬರುವವರು ನಮ್ಮವರಲ್ಲಿ ಬಹಳ. ಅದು ದೊಡ್ಡ ಆಯಸ್ಕಾಂತ, ಯಾವಾಗಲೂ ಚಾಲೂ ಇರುತ್ತದೆ, ಚಿತ್ರ ತೆಗೆಯದಿದ್ದಾಗಲೂ. ಸೀರೆಯ ಪಿನ್ನು, ಹೇರ್‌ಪಿನ್ನು, ಕಾಲುಂಗುರ, ಮೂಗುಬೊಟ್ಟು, ಸೊಂಟದ ಡಾಬು, ಜೇಬಿನ ಬೀಗದ ಕೈ, ಮೊಬೈಲು ಎಲ್ಲ ಮನೆಯಲ್ಲೇ ತೆಗೆದಿಟ್ಟು ಬನ್ನಿ. ತಾಳಿಯ ಮಾತು ಬಂದಾಗ ಅಜ್ಜಿಯರು ಅತ್ತುಬಿಡುತ್ತಾರೆ. ಚಿನ್ನವನ್ನು ಆಯಸ್ಕಾಂತ ಎಳೆಯದಿದ್ದರೂ ಕೊರಳಿನ ಸರ ಚಿತ್ರವನ್ನು ಕೆಡಿಸುತ್ತದೆ, ಕರಿಮಣಿಯ ಒಳಗೆ ಕಬ್ಬಿಣದ ತಂತಿಯೂ ಇರಬಹುದು. ಹಿಂದಿನ ರಾತ್ರಿಯೇ ಅರಿಶಿನದ ದಾರಕ್ಕೆ ಒಂದು ಅರಿಶಿನದ ಕೊಂಬು ಕಟ್ಟಿ ಹಾಕಿಕೊಳ್ಳಲಿ, ಸರ ಸೊಸೆಯ ಕೈಯಲ್ಲಿರಲಿ. ನಮ್ಮ ಮನೆಗಳಲ್ಲಿ ಇದು ಹೊಸದಲ್ಲ, ಸ್ಕ್ಯಾನಿನವರೂ ಬೇಡವೆನ್ನುವುದಿಲ್ಲ.

ಪೇಸ್‌ಮೇಕರ್ ಇದ್ದರೆ, ಮೆದುಳಿನಲ್ಲಿ ಕ್ಲಿಪ್ ಹಾಕಿದ್ದರೆ, ಕಿವಿಗೆ ಕಾಕ್ಲಿಯರ್ ಇಂಪ್ಲಾಂಟ್ ಇದ್ದರೆ ಮೊದಲೇ ಹೇಳಿ. ತೂಮಕುಂಟದ ಕಾರ್ಖಾನೆಗಳಲ್ಲಿ ವೆಲ್ಡಿಂಗ್, ಲೇತ್ ಕೆಲಸ ಮಾಡಿದ ಗಂಡಸರು ಎಂದಾದರೂ ಕಣ್ಣಿಗೆ ಕಬ್ಬಿಣದ ಕಿಡಿ ಬಿದ್ದಿತ್ತು ಎಂದರೆ ಅದನ್ನೂ ಹೇಳಲೇಬೇಕು. ಕಣ್ಣೊಳಗೆ ಚೂರು ಉಳಿದಿದ್ದರೆ ಆಯಸ್ಕಾಂತ ಅದನ್ನು ಅಲುಗಿಸಬಹುದು. ಹೆಂಗಸರು ಬಸುರಿದ್ದರೆ ಹೇಳಬೇಕು. ಕಾಂಟ್ರಾಸ್ಟಿಗೆ ಮುಂಚೆ ಕ್ರಿಯಾಟಿನಿನ್ ರಿಪೋರ್ಟ್ ಕೇಳುತ್ತಾರೆ, ಕಿಡ್ನಿ ತೀರ ಸೋತಿದ್ದವರಿಗೆ ಆ ಔಷಧ ಕೊಡುವ ಮುಂಚೆ ಬಹಳ ಯೋಚಿಸಬೇಕಾಗುತ್ತದೆ. ಹಿಂದೆ ಯಾವುದಾದರೂ ಇಂಜೆಕ್ಷನ್ನಿಗೆ ಮೈ ದದ್ದರಿಸಿದ್ದರೆ ಅದನ್ನೂ ಮರೆಯಬೇಡಿ.

ಕಿವಿಯ ಮಷೀನು ಹಾಕಿಕೊಂಡವರು ಅದನ್ನು ಹೊರಗೆ ತೆಗೆದಿಡಬೇಕು. ಮೊದಲೇ ಕಿವಿ ಕೇಳಿಸದು, ಅದರ ಮೇಲೆ ಯಂತ್ರದ ಸದ್ದಿಗೆ ಹತ್ತಿಯನ್ನೋ ಮುಚ್ಚಳವನ್ನೋ ಇಡುತ್ತಾರೆ. ಇಡಿಸಿಕೊಳ್ಳಲೇಬೇಕು, ಆ ಸದ್ದು 100 ಡೆಸಿಬೆಲ್ ಮುಟ್ಟುತ್ತದೆ. ಹೊರಗಿನಿಂದ ಹೇಳುವ "ಉಸಿರಾಡಿ, ಅಲುಗಬೇಡಿ" ಒಂದೂ ಅವರಿಗೆ ಕೇಳುವುದಿಲ್ಲ. ಅದಕ್ಕೆ ಮೊದಲೇ ಮನೆಮಾತಿನಲ್ಲಿ ತಿಳಿಸಿ ಹೇಳಿ: ಮುಕ್ಕಾಲು ಗಂಟೆ ಆಗಬಹುದು, ಡಬಡಬ ಎಂದು ಬಡಿಯುತ್ತದೆ, ಏನೂ ತಾಗುವುದಿಲ್ಲ, ಔಷಧ ಹೋಗುವಾಗ ತೋಳು ತಣ್ಣಗಾಗುತ್ತದೆ, ತೀರ ತಡೆಯದಿದ್ದರೆ ಕೈಯಲ್ಲಿರುವ ರಬ್ಬರ್ ಬುರುಡೆ ಒತ್ತು. ನಮ್ಮ ಹಿರಿಯರು ಸಂತೆಯಲ್ಲಿ ತೆಲುಗು ಆಡಿದರೂ ಹೆದರಿದಾಗ ಮನೆಯ ಕನ್ನಡವೇ ಅವರಿಗೆ ಆಸರೆ. ಅನಂತಪುರದಲ್ಲಿ ಡಾಕ್ಟರು ತೆಲುಗಿನಲ್ಲಿ ಕೇಳಿದರೆ ನೀವೇ ನಡುವೆ ಉತ್ತರ ಕೊಟ್ಟು ಮುಗಿಸಬೇಡಿ. ಅಜ್ಜಿ ಹೇಳಲಿ, ನೀವು ತಿರುಗಿಸಿ ಹೇಳಿ. ಎಲೆಅಡಿಕೆಯ ಮಾತು ಅವಳ ಬಾಯಿಂದಲೇ ಬರಬೇಕು.

ಎಲ್ಲಿಗೆ ಹೋಗಬೇಕು ಎಂದು ಕೇಳುತ್ತೀರಿ. ಮೊದಲ ಪರೀಕ್ಷೆಗಳಿಗೆ ದೂರ ಹೋಗಬೇಡಿ. ಕಲ್ಯಾಣದುರ್ಗದಲ್ಲೇ ಆರ್‌ಡಿಟಿ ಆಸ್ಪತ್ರೆ ಇದೆ, ಅವರದೇ ದೊಡ್ಡದು ಬತ್ತಲಪಲ್ಲಿಯಲ್ಲಿದೆ, ಅನಂತಪುರದಲ್ಲಿ ಸರ್ಕಾರಿ ಜನರಲ್ ಆಸ್ಪತ್ರೆ ಇದೆ. ಹಿಂದೂಪುರದವರಿಗೆ ಗೌರಿಬಿದನೂರು, ದೊಡ್ಡಬಳ್ಳಾಪುರ ದಾಟಿದರೆ ಬೆಂಗಳೂರು. ಮೆದುಳು ನರಕ್ಕೆ ನಿಮ್ಹಾನ್ಸ್ ಇದೆ, ರುಮಟಾಲಜಿಸ್ಟರು ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ ಸಿಗುತ್ತಾರೆ. ರಕ್ತನಾಳದ ಉರಿಯೂತವನ್ನು ಕೊನೆತನಕ ನೋಡಿಕೊಳ್ಳಬೇಕಾದವರು ಈ ರುಮಟಾಲಜಿಸ್ಟರೇ; ಬರೀ ಮಂಡಿನೋವಿನ ಡಾಕ್ಟರು ಎಂದು ತಿಳಿಯಬೇಡಿ. ಆಂಧ್ರದ ಆರೋಗ್ಯ ಕಾರ್ಡು ಯಾವ ಆಸ್ಪತ್ರೆಯಲ್ಲಿ, ಯಾವ ಚಿಕಿತ್ಸೆಗೆ ನಡೆಯುತ್ತದೆ, ಹೊರರೋಗಿಯಾಗಿ ಮಾಡಿಸುವ ಸ್ಕ್ಯಾನಿಗೆ ನಡೆಯುತ್ತದೆಯೇ ಎಂದು ಹೊರಡುವ ಮುಂಚೆ ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ಕೇಳಿ. ಅಲ್ಲಿ ಹೋಗಿ ದುಡ್ಡಿಲ್ಲದೆ ಪರದಾಡುವುದು ಬೇಡ.

ಸ್ಕ್ಯಾನ್ ಆದ ಮೇಲೆ ಫಿಲ್ಮಿನ ಜೊತೆ ಸಿಡಿಯನ್ನೂ ಕೇಳಿ ತಗೊಳ್ಳಿ. ಇನ್ನೊಬ್ಬ ತಜ್ಞರಿಗೆ ತೋರಿಸುವಾಗ ಎರಡು ಸಾಲಿನ ರಿಪೋರ್ಟಿಗಿಂತ ಚಿತ್ರಗಳೇ ಬೇಕಾಗುತ್ತವೆ. ಎಂಆರ್‌ಐ ನಾರ್ಮಲ್ ಬಂದರೂ ಅಜ್ಜಿಯ ತಲೆಬುಡ ನೋಯುತ್ತಲೇ ಇದ್ದರೆ, ಇಎಸ್‌ಆರ್ ಏರುತ್ತಲೇ ಇದ್ದರೆ, ಕಾಯಿಲೆ ಇಲ್ಲವೆಂದು ಮುಚ್ಚಿಹಾಕಬೇಡಿ, ಮತ್ತೆ ಹೋಗಿ. ಉರಿಯೂತ ನಾಳದ ಉದ್ದಕ್ಕೂ ಒಂದೇ ಸಮ ಇರುವುದಿಲ್ಲ, ಅಲ್ಲಲ್ಲಿ ಬಿಟ್ಟು ಬಿಟ್ಟು ಹಿಡಿಯುತ್ತದೆ.

ಕಾಯಿಲೆ ಖಚಿತವಾಗಿ ಸ್ಟಿರಾಯ್ಡ್ ಶುರುವಾದರೆ ಅದು ವಾರದ ಲೆಕ್ಕದ್ದಲ್ಲ. ತಿಂಗಳುಗಳು, ಎಷ್ಟೋ ಸಲ ವರ್ಷದ ಮೇಲೆಯೇ ಹೋಗುತ್ತದೆ, ಡೋಸನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತಾರೆ. ಹಾಯಾಯಿತೆಂದು ಸಟಕ್ಕನೆ ನಿಲ್ಲಿಸಿದರೆ ಕಾಯಿಲೆ ಮರುಕಳಿಸುವುದಷ್ಟೇ ಅಲ್ಲ, ಬಿಪಿ ಕುಸಿದು ಪ್ರಾಣಕ್ಕೂ ಬರಬಹುದು. ಸಕ್ಕರೆ ಕಾಯಿಲೆ ಇದ್ದವರಿಗೆ ಸಕ್ಕರೆ ಏರುತ್ತದೆ, ಮನೆಯಲ್ಲಿ ಗ್ಲುಕೋಮೀಟರ್ ಇಟ್ಟು ನೋಡಿ. ಮೂಳೆ ಸವೆಯದಂತೆ ಕ್ಯಾಲ್ಸಿಯಂ ಬರೆದಿರುತ್ತಾರೆ, ಅದನ್ನು ಬಲದ ಮಾತ್ರೆ ಎಂದು ಬಿಡಬೇಡಿ. ಹಳೆಯ ಟಿಬಿ ಇದ್ದವರು ಮೊದಲೇ ತಿಳಿಸಬೇಕು. ಕಿವಿಯನ್ನು ಚಿಕಿತ್ಸೆಗೆ ಮುಂಚೆ ಒಮ್ಮೆ, ಆಮೇಲೆ ಡಾಕ್ಟರು ಹೇಳಿದ ಹಾಗೆ ಮತ್ತೆ ಮತ್ತೆ ಆಡಿಯೋಗ್ರಾಂ ಮಾಡಿಸಿ ಹೋಲಿಸಿ ನೋಡಬೇಕು. ಕಿವಿ ಎಷ್ಟು ಮರಳಿತು ಎಂದು ತಿಳಿಯಲು ಪ್ರತಿ ಸಲವೂ ಎಂಆರ್‌ಐ ಬೇಡ. ಪೂರ್ತಿ ಮರಳದಿದ್ದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿಯ ಮಷೀನನ್ನು ಅಳೆದು ಹೊಂದಿಸಿಕೊಡುತ್ತಾರೆ, ಕನ್ನಡದಲ್ಲೇ ಮಾತಾಡಿಸಿ ಪರೀಕ್ಷೆ ಮಾಡುತ್ತಾರೆ. ಹೋಗುವಾಗ ಹಳೆಯ ಆಡಿಯೋಗ್ರಾಂಗಳನ್ನು ತಾರೀಕಿನ ಪ್ರಕಾರ ಜೋಡಿಸಿ ಒಂದೇ ಫೈಲಿನಲ್ಲಿ ತಗೊಂಡು ಹೋಗಿ.